ಕೆಟ್ಟುಹೋದ ಚಿತ್ರಗಳನ್ನು ಮೊದಲು ತೋರಿಸಿ

ಯಾವ ಕ್ಯಾಮೆರಾ ಕೊಳ್ಳಲಿ ಎಂದು ಯಾರಾದರೂ ಕೇಳಿದರೆ ನಾನು ಮಾದರಿಯ ಹೆಸರು ಹೇಳಲು ಹೋಗುವುದಿಲ್ಲ. ನಿಮ್ಮ ಮೊಬೈಲಿನಲ್ಲಿ ಕೆಟ್ಟುಹೋದ ಚಿತ್ರಗಳಿದ್ದರೆ ತೋರಿಸಿ ಎನ್ನುತ್ತೇನೆ. ಒಳ್ಳೆಯ ಚಿತ್ರಗಳನ್ನು ತೋರಿಸಲು ಎಲ್ಲರೂ ತುದಿಗಾಲಲ್ಲಿ ನಿಂತಿರುತ್ತಾರೆ. ಅವನ್ನು ನೋಡಿದರೆ ಈಗಿರುವ ಸಾಧನ ಅಷ್ಟು ಕೆಲಸಕ್ಕೆ ಸಾಕು ಎಂದು ಗೊತ್ತಾಗುತ್ತದೆ, ಬೇರೇನೂ ತಿಳಿಯುವುದಿಲ್ಲ. ಹಣ ಎಲ್ಲಿಗೆ ಹೋಗಬೇಕು ಎನ್ನುವುದನ್ನು ಕೆಟ್ಟುಹೋದವುಗಳೇ ಹೇಳುತ್ತವೆ.

ಸಾಮಾನ್ಯವಾಗಿ ನನ್ನ ಮುಂದೆ ಬರುವುದು ನಾಲ್ಕು ಬಗೆಯ ಚಿತ್ರಗಳು. ಅಲುಗಾಡಿ ಮಸುಕಾದ ಮಗುವಿನ ಮುಖ. ಹಿಂದಿನ ಗೋಡೆ ಸ್ಪಷ್ಟವಾಗಿದ್ದು ಮುಂದೆ ನಿಂತವರು ಮಂಜಾಗಿರುವ ಚಿತ್ರ. ಮರದ ತುದಿಯಲ್ಲಿ ಚುಕ್ಕೆಯಷ್ಟು ಕಾಣುವ ಹಕ್ಕಿ. ಆಕಾಶವೆಲ್ಲ ಬಿಳುಚಿಕೊಂಡು ಮೋಡದ ಸುಳಿವೇ ಇಲ್ಲದ ಬೆಟ್ಟದ ನೋಟ. ನಾಲ್ಕಕ್ಕೂ ಕಾಯಿಲೆ ಬೇರೆ, ಮದ್ದೂ ಬೇರೆ. "ಒಂದು ಒಳ್ಳೆಯ ಕ್ಯಾಮೆರಾ ತೆಗೆದುಕೊಂಡರೆ ಎಲ್ಲ ಸರಿಹೋಗುತ್ತದೆ" ಎಂದುಕೊಂಡು ಅಂಗಡಿಗೆ ಹೋದವರು ದುಬಾರಿ ಬಾಡಿಯೊಂದನ್ನು (ಲೆನ್ಸ್ ಬಿಟ್ಟು ಉಳಿದ ಕ್ಯಾಮೆರಾದ ಒಡಲು) ಹೊತ್ತು ತಂದು, ಅದೇ ನಾಲ್ಕು ತಪ್ಪುಗಳನ್ನು ಇನ್ನಷ್ಟು ದೊಡ್ಡ ಫೈಲುಗಳಲ್ಲಿ ಮಾಡುತ್ತಾರೆ.

ಕೊನೆಯದನ್ನು ಮೊದಲು ಮುಗಿಸಿಬಿಡುತ್ತೇನೆ, ಅದಕ್ಕೆ ದುಡ್ಡೇ ಬೇಡ. ಬಿಳುಚಿದ ಆಕಾಶವನ್ನು ಆಮೇಲೆ ಯಾವ ತಂತ್ರಾಂಶವೂ ಹಿಂದಕ್ಕೆ ತರಲಾರದು, ಏಕೆಂದರೆ ಅಲ್ಲಿ ದಾಖಲಾದ ಮಾಹಿತಿಯೇ ಇಲ್ಲ. ಕತ್ತಲಾದ ಭಾಗವನ್ನು ಮಾತ್ರ ಸಾಕಷ್ಟು ಮಟ್ಟಿಗೆ ಮೇಲೆತ್ತಬಹುದು. ಆದ್ದರಿಂದ ಕ್ಲಿಕ್ಕಿಸುವಾಗಲೇ ಎಕ್ಸ್‌ಪೋಶರನ್ನು, ಅಂದರೆ ಚಿತ್ರಕ್ಕೆ ಬೀಳುವ ಬೆಳಕಿನ ಪ್ರಮಾಣವನ್ನು, ಒಂದಿಷ್ಟು ಇಳಿಸಿ. ಮೊಬೈಲಿನಲ್ಲೂ ಪರದೆಯ ಮೇಲೆ ಆಕಾಶವನ್ನು ಮುಟ್ಟಿ ಬೆರಳು ಜಾರಿಸಿದರೆ ಇದು ಆಗುತ್ತದೆ. ಜೊತೆಗೆ, ದಾಖಲಾದ ಮಾಹಿತಿಯನ್ನು ಸಂಸ್ಕರಿಸದೆ ಹಾಗೇ ಇಡುವ ರಾ ಫೈಲಿನಲ್ಲಿ ಚಿತ್ರ ಉಳಿಸಿಕೊಳ್ಳುವುದನ್ನು ಕಲಿಯಿರಿ. ಮಾಮೂಲಿ ಜೆಪೆಗ್ ಫೈಲಿನಲ್ಲಿ ಒಂದೊಂದು ಬಣ್ಣಕ್ಕೆ 256 ಹಂತಗಳು. 14 ಬಿಟ್‌ನ ರಾ ಫೈಲಿನಲ್ಲಿ 16,384 ಹಂತಗಳು. ಆಮೇಲೆ ತಿದ್ದಲು ಎಷ್ಟು ಜಾಗ ಸಿಗುತ್ತದೆ ಎಂದು ನೀವೇ ಊಹಿಸಿ. ಈ ಅಭ್ಯಾಸವಿಲ್ಲದವರಿಗೆ ಎಷ್ಟು ಬೆಲೆಯ ಕ್ಯಾಮೆರಾ ಕೊಟ್ಟರೂ ಆಕಾಶ ಬೆಳ್ಳಗೇ ಬರುತ್ತದೆ.

ಇನ್ನು ಮಗುವಿನ ಚಿತ್ರ. ಇಲ್ಲಿ ಸ್ವಲ್ಪ ಹೊತ್ತು ನಿಲ್ಲಬೇಕು. ಕ್ಯಾಮೆರಾ ಕೊಳ್ಳುವವರಲ್ಲಿ ಬಹಳ ಮಂದಿ ಹೊರಡುವುದೇ ಈ ಚಿತ್ರದಿಂದ, ಮತ್ತು ಅತಿ ಹೆಚ್ಚು ಹಣ ಪೋಲಾಗುವುದೂ ಇಲ್ಲೇ.

ಸಂಜೆಯ ಹೊತ್ತು, ಕೋಣೆಯಲ್ಲಿ ಒಂದೇ ದೀಪ, ಮಗು ಒಂದು ಕಡೆ ನಿಲ್ಲುತ್ತಿಲ್ಲ. ನಿಮ್ಮ ಕೈಯಲ್ಲಿ ಎಪಿಎಸ್-ಸಿ ಎಂಬ ಮಧ್ಯಮ ಅಳತೆಯ ಸೆನ್ಸರ್ (ಬೆಳಕನ್ನು ಚಿತ್ರವಾಗಿಸುವ ಬಿಲ್ಲೆ) ಇರುವ ಕ್ಯಾಮೆರಾ, ಅದರ ಜೊತೆಗೇ ಬಂದ 18-55 ಮಿ.ಮೀ. ಕಿಟ್ ಲೆನ್ಸ್. ಜೂಮನ್ನು ಪೂರ್ತಿ ಎಳೆದರೆ ಈ ಲೆನ್ಸಿನ ಅಪರ್ಚರ್, ಅಂದರೆ ಬೆಳಕಿನ ಕಿಂಡಿ, ಎಫ್/5.6ಕ್ಕಿಂತ ಹೆಚ್ಚು ತೆರೆಯುವುದಿಲ್ಲ. ಐಎಸ್‌ಒ (ಬೆಳಕಿಗೆ ಕ್ಯಾಮೆರಾ ತೋರುವ ಸಂವೇದನೆ) 6400ಕ್ಕೆ ಏರಿಸಿದ ಮೇಲೆ ಶಟರ್ ವೇಗ (ಸೆನ್ಸರಿಗೆ ಬೆಳಕು ಬೀಳುವ ಹೊತ್ತು) ಸೆಕೆಂಡಿನ 1/60 ಸಿಕ್ಕಿತು ಎಂದುಕೊಳ್ಳಿ. ಓಡಾಡುವ ಮಗುವಿಗೆ ಅದು ಸಾಲದು, 1/250 ಆದರೂ ಬೇಕು. ಹಾಗಾಗಿ ಮುಖ ಮಸುಕಾಯಿತು, ಮೇಲೆ ಐಎಸ್‌ಒ ಏರಿಸಿದಾಗ ಕಾಳುಕಾಳಾಗಿ ಕಾಣುವ ನಾಯ್ಸಿನ ಮರಳೂ ಬಿತ್ತು.

ಈಗ ಬಾಡಿಯನ್ನು ಬದಲಿಸದೆ 50 ಮಿ.ಮೀ. ಎಫ್/1.8 ಪ್ರೈಮ್ ಲೆನ್ಸ್ (ಜೂಮ್ ಇಲ್ಲದ್ದು) ಹಾಕೋಣ. ಎಫ್ ಸಂಖ್ಯೆ ಚಿಕ್ಕದಾದಷ್ಟೂ ಬೆಳಕಿನ ಕಿಂಡಿ ದೊಡ್ಡದು. ಒಳಬರುವ ಬೆಳಕು ಹೆಚ್ಚುವುದು ಆ ಅನುಪಾತದ ವರ್ಗದಷ್ಟು. 5.6ನ್ನು 1.8ರಿಂದ ಭಾಗಿಸಿದರೆ ಸುಮಾರು 3.1, ಅದರ ವರ್ಗ 9.7. ಅಂದರೆ ಹೆಚ್ಚುಕಡಿಮೆ ಹತ್ತು ಪಟ್ಟು ಬೆಳಕು. ಇದರಲ್ಲಿ ನಾಲ್ಕು ಪಟ್ಟನ್ನು ಶಟರ್‌ಗೆ ಖರ್ಚು ಮಾಡಿ, 1/250 ಸಿಕ್ಕಿತು. ಉಳಿದ ಎರಡೂವರೆ ಪಟ್ಟಿನಲ್ಲಿ ಐಎಸ್‌ಒ 2500ರ ಆಸುಪಾಸಿಗೆ ಇಳಿಯಿತು. ಮುಖವೂ ನಿಂತಿತು, ಮರಳೂ ಕಡಿಮೆಯಾಯಿತು. ಈ 50 ಮಿ.ಮೀ. ಎಫ್/1.8 ಸಾಮಾನ್ಯವಾಗಿ ಕಂಪನಿಗಳ ಅತಿ ಅಗ್ಗದ ಲೆನ್ಸ್‌ಗಳ ಸಾಲಿನಲ್ಲೇ ಇರುತ್ತದೆ.

ಇದೇ ಸಮಸ್ಯೆಗೆ ಬಾಡಿ ಬದಲಿಸಿದರೆ ಏನು ಸಿಗುತ್ತದೆ? ಸೆನ್ಸರ್ ದೊಡ್ಡದಾದಷ್ಟೂ ಅದು ಹಿಡಿಯುವ ಬೆಳಕು ಹೆಚ್ಚು. ಫುಲ್ ಫ್ರೇಮ್ ಸೆನ್ಸರ್ 36×24 ಮಿ.ಮೀ., ವಿಸ್ತೀರ್ಣ 864 ಚದರ ಮಿ.ಮೀ. ಎಪಿಎಸ್-ಸಿ ಸೆನ್ಸರ್ ಸುಮಾರು 23.5×15.6 ಮಿ.ಮೀ., ವಿಸ್ತೀರ್ಣ 367ರ ಹತ್ತಿರ. ಎರಡರ ನಡುವಿನ ಅಂತರ ಎರಡೂಕಾಲು ಪಟ್ಟಿಗಿಂತ ತುಸು ಹೆಚ್ಚು. ಲೆನ್ಸ್ ಕೊಟ್ಟದ್ದು ಹತ್ತು ಪಟ್ಟು, ಬಾಡಿ ಕೊಡುವುದು ಎರಡೂಚಿಲ್ಲರೆ ಪಟ್ಟು, ಬೆಲೆಯೋ ಲೆನ್ಸಿನ ಹಲವು ಪಟ್ಟು. ಇಲ್ಲಿಗೆ ಬಂದಿರುವವರಲ್ಲಿ ಯಾರಾದರೂ ಕಿಟ್ ಲೆನ್ಸ್ ಇಟ್ಟುಕೊಂಡೇ ಫುಲ್ ಫ್ರೇಮಿಗೆ ಹಾರುವ ಯೋಚನೆಯಲ್ಲಿದ್ದರೆ, ದಯವಿಟ್ಟು ಈ ಲೆಕ್ಕವನ್ನು ಒಂದು ಚೀಟಿಯಲ್ಲಿ ಬರೆದುಕೊಳ್ಳಿ.

ಪ್ರೈಮ್ ಲೆನ್ಸಿಗೂ ಅದರದೇ ಕಾಟಗಳಿವೆ. ಎಪಿಎಸ್-ಸಿ ಬಾಡಿಯ ಮೇಲೆ 50 ಮಿ.ಮೀ. ಲೆನ್ಸ್ 75 ಮಿ.ಮೀ.ನಷ್ಟು ಹತ್ತಿರದ ನೋಟ ಕೊಡುತ್ತದೆ. ಚಿಕ್ಕ ಕೋಣೆಯಲ್ಲಿ ಗೋಡೆಗೆ ಬೆನ್ನು ಹಚ್ಚಿ ನಿಂತರೂ ಮಗುವಿನ ಕಾಲು ಚೌಕಟ್ಟಿಗೆ ಬರುವುದಿಲ್ಲ. ಅಂಥವರಿಗೆ 35 ಮಿ.ಮೀ. ವಾಸಿ. ಎಫ್/1.8ರಲ್ಲಿ ಹತ್ತಿರದಿಂದ ತೆಗೆದರೆ ಒಂದು ಕಣ್ಣು ಸ್ಪಷ್ಟ, ಇನ್ನೊಂದು ಮಸುಕು. ಆದರೆ ಇವು ಕಲಿಯುತ್ತಾ ಹೋದಂತೆ ಕೈಗೆ ಬರುವ ಸಂಗತಿಗಳು. ಇಲ್ಲದ ಬೆಳಕು ಮಾತ್ರ ಕಲಿತರೂ ಬರುವುದಿಲ್ಲ.

ಅಲುಗಾಟ ತಡೆಯುವ ಸ್ಟೆಬಿಲೈಸೇಶನ್ ಬಗ್ಗೆ ಒಂದು ಮಾತು. ಐದು ಸ್ಟಾಪ್, ಎಂಟು ಸ್ಟಾಪ್ (ಒಂದು ಸ್ಟಾಪ್ ಎಂದರೆ ಬೆಳಕಿನ ಎರಡು ಪಟ್ಟು) ಎಂದು ಜಾಹೀರಾತುಗಳಲ್ಲಿ ಬರುತ್ತದಲ್ಲ, ಅದು ನಿಮ್ಮ ಕೈಯ ನಡುಕಕ್ಕೆ ಸಂಬಂಧಿಸಿದ್ದು. ಕಟ್ಟಡ, ಶಿಲ್ಪ, ಮಬ್ಬುಗತ್ತಲಿನ ಬೀದಿಗೆ ಅದು ನಿಜಕ್ಕೂ ವರ. ಓಡುವ ಮಗುವನ್ನು ಅದು ನಿಲ್ಲಿಸುವುದಿಲ್ಲ.

ಮೊಬೈಲು ಈ ಲೆಕ್ಕದಲ್ಲಿ ಎಲ್ಲಿ ನಿಲ್ಲುತ್ತದೆ ಎಂದು ನೀವು ಕೇಳುವ ಮೊದಲೇ ಹೇಳುತ್ತೇನೆ. ಅದರ ಸೆನ್ಸರ್ ಚಿಕ್ಕದು, ಆದರೆ ಅದು ಕಣ್ಣು ಮಿಟುಕಿಸುವಷ್ಟರಲ್ಲಿ ಹಲವು ಚಿತ್ರಗಳನ್ನು ತೆಗೆದು ಒಂದರ ಮೇಲೊಂದು ಹೊಂದಿಸಿ ನಾಯ್ಸನ್ನು ಅಳಿಸುತ್ತದೆ. ನಿಶ್ಚಲ ದೃಶ್ಯಕ್ಕೆ ಈ ಉಪಾಯ ಬಹಳ ಚೆನ್ನಾಗಿ ಫಲಿಸುತ್ತದೆ. ಚಲಿಸುವ ವಸ್ತು ಬಂದ ಕೂಡಲೇ ಆ ಚಿತ್ರಗಳು ಹೊಂದುವುದಿಲ್ಲ, ಅಂಚುಗಳು ಕದಡುತ್ತವೆ. ಆದ್ದರಿಂದ ನಿಮ್ಮ ಆಸಕ್ತಿ ಪ್ರವಾಸ, ಹಗಲಿನ ಭೂದೃಶ್ಯ, ಮೇಜಿನ ಮೇಲಿನ ವಸ್ತುಗಳು, ಇಷ್ಟೇ ಆಗಿದ್ದರೆ ಇರುವ ಮೊಬೈಲಿಗೆ ಒಂದು ಪುಟ್ಟ ಟ್ರೈಪಾಡ್ ಸೇರಿಸಿ ಸುಮ್ಮನಿರಿ.

ತೀರಾ ಕಡಿಮೆ ಬಜೆಟ್ಟಿನವರು ಸಾಮಾನ್ಯವಾಗಿ ಅಂಗಡಿಯ ಗಾಜಿನ ಹಿಂದಿರುವ ಪುಟ್ಟ ಕಾಂಪ್ಯಾಕ್ಟ್ ಕ್ಯಾಮೆರಾದ ಕಡೆ ಬೆರಳು ತೋರಿಸುತ್ತಾರೆ. ಬೇಡ. ಅವುಗಳಲ್ಲಿ ಬಹುಪಾಲು 1/2.3 ಇಂಚಿನ ಸೆನ್ಸರ್ ಇರುವಂಥವು, ವಿಸ್ತೀರ್ಣ ಸುಮಾರು 28 ಚದರ ಮಿ.ಮೀ. ಈಗಿನ ಒಳ್ಳೆಯ ಮೊಬೈಲಿನ ಮುಖ್ಯ ಸೆನ್ಸರ್ ಇದಕ್ಕಿಂತ ದೊಡ್ಡದು, ಅದರ ಲೆಕ್ಕಾಚಾರದ ಬುದ್ಧಿಯೂ ಹೆಚ್ಚು. ಕಾಂಪ್ಯಾಕ್ಟೇ ಬೇಕೆಂದರೆ 1 ಇಂಚಿನದೆಂದು ಹೇಳುವ ಸೆನ್ಸರ್ ಇರುವುದನ್ನು ನೋಡಿ. ಅದರ ನಿಜವಾದ ಅಳತೆ 13.2×8.8 ಮಿ.ಮೀ., ವಿಸ್ತೀರ್ಣ 116. ಸೋನಿ 2012ರಲ್ಲಿ ಆರ್‌ಎಕ್ಸ್100 ತಂದಾಗಿನಿಂದ ಜೇಬಿನ ಕ್ಯಾಮೆರಾಗಳಲ್ಲಿ ಮರ್ಯಾದೆ ಉಳಿಸಿಕೊಂಡಿರುವುದು ಈ ವರ್ಗವೇ. ಆದರೆ ಅದರ ಬೆಲೆಗೆ ಬಳಸಿದ ಎಪಿಎಸ್-ಸಿ ಬಾಡಿಯೂ ಒಂದು ಪ್ರೈಮ್ ಲೆನ್ಸೂ ಬರುವ ಸಾಧ್ಯತೆ ಉಂಟು, ಅದನ್ನೂ ವಿಚಾರಿಸಿ. ಬಳಸಿದ ಮಾಲಿನ ವಿಷಯಕ್ಕೆ ಆಮೇಲೆ ಬರುತ್ತೇನೆ.

ಇನ್ನು ಗೋಡೆ ಸ್ಪಷ್ಟವಾಗಿ ಬಂದ, ಫೋಕಸ್ ತಪ್ಪಿದ ಚಿತ್ರ. ಬಾಡಿಯ ಮೇಲೆ ಹಣ ಹಾಕುವುದಕ್ಕೆ ನಿಜವಾದ ಕಾರಣ ಇರುವುದು ಇಲ್ಲಿ. ಲೆನ್ಸಿನ ಹಿಂದೆ ಕನ್ನಡಿ ಇರುವ ಹಳೆಯ ಡಿಎಸ್‌ಎಲ್‌ಆರ್‌ಗಳಲ್ಲಿ ಫೋಕಸ್ ಬಿಂದುಗಳು ಚೌಕಟ್ಟಿನ ನಡುಭಾಗದಲ್ಲಿ ಗುಂಪುಗೂಡಿರುತ್ತಿದ್ದವು. ಯಾವ ಬಿಂದು ಬೇಕೆಂದು ನೀವೇ ಆರಿಸಬೇಕು, ಇಲ್ಲದಿದ್ದರೆ ಕ್ಯಾಮೆರಾ ತನಗೆ ತೋಚಿದ್ದನ್ನು, ಬಹುಮಟ್ಟಿಗೆ ಹತ್ತಿರದ ಅಥವಾ ಗೆರೆ ಸ್ಪಷ್ಟವಾಗಿರುವ ವಸ್ತುವನ್ನು, ಹಿಡಿಯುತ್ತಿತ್ತು. ಆ ಕನ್ನಡಿ ಇಲ್ಲದ ಈಗಿನ ಮಿರರ್‌ಲೆಸ್ ಕ್ಯಾಮೆರಾಗಳು ಸೆನ್ಸರಿನ ಮೇಲೆಯೇ ಫೋಕಸ್ ಅಳೆಯುತ್ತವೆ. ಚೌಕಟ್ಟಿನ ಅಂಚಿನವರೆಗೂ ಹಿಡಿಯುತ್ತವೆ, ಕಣ್ಣನ್ನು ಗುರುತಿಸಿ ಅದರ ಬೆನ್ನು ಹತ್ತುತ್ತವೆ. ಕೆಲವು ಮಾದರಿಗಳು ಹಕ್ಕಿಯ ಕಣ್ಣನ್ನೂ ಗುರುತಿಸುತ್ತವೆ.

ಹೊಸಬರು ಡಿಎಸ್‌ಎಲ್‌ಆರ್‌ನಲ್ಲೇ ಕಲಿಯಬೇಕು, ಮಿರರ್‌ಲೆಸ್ ಅನುಭವಿಗಳಿಗೆ ಎಂಬ ಮಾತು ಇನ್ನೂ ಅಲ್ಲಲ್ಲಿ ಓಡಾಡುತ್ತಿದೆ. ನನಗೆ ಇದು ತಲೆಕೆಳಗಾದ ಸಲಹೆ ಎನಿಸುತ್ತದೆ. ಡಿಎಸ್‌ಎಲ್‌ಆರ್‌ನ ಕಿಂಡಿಯಲ್ಲಿ ಕಾಣುವುದು ಕನ್ನಡಿಯಿಂದ ಬಂದ ದೃಶ್ಯ. ಎಕ್ಸ್‌ಪೋಶರ್ ತಪ್ಪಿದ್ದರೆ ಕ್ಲಿಕ್ಕಿಸಿದ ಮೇಲೆ ಹಿಂದಿನ ಪರದೆ ನೋಡಿದಾಗ ಗೊತ್ತಾಗುತ್ತದೆ. ಮಿರರ್‌ಲೆಸ್‌ನಲ್ಲಿ ಡಯಲ್ ತಿರುಗಿಸುತ್ತಿದ್ದಂತೆಯೇ ಕಿಂಡಿಯೊಳಗಿನ ಚಿತ್ರ ಬೆಳಗುತ್ತದೆ ಅಥವಾ ಕಂದುತ್ತದೆ. ಅಪರ್ಚರ್, ಶಟರ್, ಐಎಸ್‌ಒ ಮೂರರ ಸಂಬಂಧ ಕಣ್ಣೆದುರೇ ನಡೆಯುತ್ತದೆ. ಕಲಿಯುವವರಿಗೆ ಇದಕ್ಕಿಂತ ಒಳ್ಳೆಯ ಮೇಷ್ಟ್ರು ಎಲ್ಲಿ ಸಿಗಬೇಕು?

ಹಾಗೆಂದು ಡಿಎಸ್‌ಎಲ್‌ಆರ್ ಮೂಲೆಗುಂಪು ಎನ್ನುವುದೂ ಸರಿಯಲ್ಲ. ಪ್ಯಾನಸಾನಿಕ್ 2008ರಲ್ಲಿ ಲ್ಯೂಮಿಕ್ಸ್ ಜಿ1 ತಂದು ಮಿರರ್‌ಲೆಸ್ ಯುಗ ಶುರುಮಾಡಿತು. ಸೋನಿಯ ಫುಲ್ ಫ್ರೇಮ್ ಎ7 ಬಂದದ್ದು 2013ರಲ್ಲಿ. ಕ್ಯಾನನ್, ನಿಕಾನ್ ಎರಡೂ 2018ರಲ್ಲಿ ಆರ್‌ಎಫ್ ಮತ್ತು ಝೆಡ್ ಮೌಂಟ್‌ಗಳೊಂದಿಗೆ (ಲೆನ್ಸನ್ನು ಬಾಡಿಗೆ ಜೋಡಿಸುವ ಕೊಂಡಿಗಳು) ಅದೇ ದಾರಿ ಹಿಡಿದವು. ಅಂದಿನಿಂದ ಹೊಸ ಲೆನ್ಸ್‌ಗಳೆಲ್ಲ ಹೆಚ್ಚಾಗಿ ಆ ಕಡೆಗೇ ಬರುತ್ತಿವೆ. ಪರಿಣಾಮವಾಗಿ ಒಳ್ಳೊಳ್ಳೆಯ ಡಿಎಸ್‌ಎಲ್‌ಆರ್‌ಗಳು ಬಳಸಿದವರ ಕೈಯಿಂದ ಇಳಿದ ಬೆಲೆಗೆ ಸಿಗುತ್ತವೆ. ಆಪ್ಟಿಕಲ್ ಕಿಂಡಿಗೆ ಕರೆಂಟು ಬೇಡವಾದ್ದರಿಂದ ಬ್ಯಾಟರಿಯೂ ಹೆಚ್ಚು ಬಾಳುತ್ತದೆ. ಬಜೆಟ್ಟು ಬಿಗಿಯಾಗಿದ್ದು, ಚಲನೆ ಕಡಿಮೆ ಇರುವ ವಿಷಯಗಳನ್ನು ತೆಗೆಯುವವರಾದರೆ ಇದು ಜಾಣತನದ ಕೊಳ್ಳುವಿಕೆ. ಕ್ಯಾನನ್‌ನ 1987ರಿಂದೀಚಿನ ಇಎಫ್ ಲೆನ್ಸ್‌ಗಳು ಅಡಾಪ್ಟರ್ ಹಾಕಿದರೆ ಆರ್‌ಎಫ್ ಬಾಡಿಗಳ ಮೇಲೂ ಆಟೊಫೋಕಸ್ ಮಾಡುತ್ತವೆ. ನಿಕಾನ್‌ನ ಎಫ್ ಮೌಂಟ್ 1959ರಷ್ಟು ಹಳೆಯದು. ಅಲ್ಲಿ ಎಚ್ಚರ ಬೇಕು. ತಮ್ಮೊಳಗೆ ಮೋಟಾರಿಲ್ಲದ ಹಳೆಯ ಎಎಫ್-ಡಿ ಲೆನ್ಸ್‌ಗಳು ನಿಕಾನಿನ ಎಫ್‌ಟಿಝೆಡ್ ಅಡಾಪ್ಟರಿನ ಮೇಲೆ ಕೂರುತ್ತವೆ, ಆದರೆ ಫೋಕಸನ್ನು ಕೈಯಿಂದಲೇ ತಿರುಗಿಸಬೇಕು.

ಹಕ್ಕಿಗೆ ಬರೋಣ. ಹಕ್ಕಿ ಚುಕ್ಕೆಯಾಗಿ ಕಾಣುವುದು ಮೆಗಾಪಿಕ್ಸೆಲ್ ಕಡಿಮೆ ಎಂದಲ್ಲ, ದೂರದ್ದನ್ನು ಹತ್ತಿರ ತರುವ ಫೋಕಲ್ ಲೆಂತ್ (ಲೆನ್ಸಿನ ಮಿ.ಮೀ. ಸಂಖ್ಯೆ) ಕಡಿಮೆ ಎಂದು. ಇಲ್ಲಿ ಸೆನ್ಸರಿನ ಲೆಕ್ಕಾಚಾರ ತಿರುಗಿ ಕೂರುತ್ತದೆ. 400 ಮಿ.ಮೀ. ಲೆನ್ಸನ್ನು ಎಪಿಎಸ್-ಸಿ ಬಾಡಿಗೆ ಹಾಕಿದರೆ 600 ಮಿ.ಮೀ.ನ ನೋಟ ಸಿಗುತ್ತದೆ. ಸೆನ್ಸರ್ ಇನ್ನೂ ಚಿಕ್ಕದಾದ ಮೈಕ್ರೊ ಫೋರ್ ಥರ್ಡ್ಸ್ ಬಾಡಿಯಲ್ಲಿ 300 ಮಿ.ಮೀ. ಲೆನ್ಸೇ 600ರ ಕೆಲಸ ಮಾಡುತ್ತದೆ. ಚಿಕ್ಕ ಸೆನ್ಸರಿನಿಂದ ದೊಡ್ಡ ಸೆನ್ಸರಿಗೆ ಹೋಗುವುದೆಲ್ಲ ಬಡ್ತಿ ಎಂದು ತಿಳಿದವರು ಹಕ್ಕಿಯ ಹಿಂದೆ ಹೋದರೆ ಕೈಸುಟ್ಟುಕೊಳ್ಳುತ್ತಾರೆ. ಫುಲ್ ಫ್ರೇಮ್ ಕೊಂಡ ಮೇಲೆ ಅದೇ ಹಕ್ಕಿ ಇನ್ನೂ ಚಿಕ್ಕದಾಗಿ ಕಾಣುತ್ತದೆ!

ಲೆನ್ಸ್ ಬದಲಿಸಲಾಗದ ಸೂಪರ್‌ಜೂಮ್‌ಗಳು ಆಸೆ ಹುಟ್ಟಿಸುತ್ತವೆ. 2018ರ ನಿಕಾನ್ ಪಿ1000 ತೆಗೆದುಕೊಳ್ಳಿ. 125 ಪಟ್ಟು ಜೂಮ್, 3000 ಮಿ.ಮೀ.ಗೆ ಸಮಾನವಾದ ನೋಟ. ಚಂದ್ರನ ಕುಳಿಗಳು ಚೌಕಟ್ಟು ತುಂಬುತ್ತವೆ, ನೋಡಿದರೆ ಮೈ ಜುಂ ಎನ್ನುತ್ತದೆ. ಆದರೆ ಒಳಗಿರುವುದು ಆಗಲೇ ಹೇಳಿದ 28 ಚದರ ಮಿ.ಮೀ. ಸೆನ್ಸರ್, ಜೂಮಿನ ತುದಿಯಲ್ಲಿ ಅಪರ್ಚರ್ ಎಫ್/8. ಕಡು ಬಿಸಿಲಿನಲ್ಲಿ ಕೂತ ಹಕ್ಕಿಗೆ ಅಡ್ಡಿಯಿಲ್ಲ. ಹಕ್ಕಿಗಳು ಚುರುಕಾಗಿರುವ ಮುಂಜಾನೆಯ ಮಂದ ಬೆಳಕಿನಲ್ಲಿ, ಹಾರುವಾಗ ಬೇಕಾಗುವ 1/2000 ಶಟರ್ ವೇಗದಲ್ಲಿ, ಅದು ಒದ್ದಾಡುತ್ತದೆ. ಸೋನಿ ಆರ್‌ಎಕ್ಸ್10 4ನೇ ಆವೃತ್ತಿ 1 ಇಂಚಿನ ಸೆನ್ಸರಿನೊಂದಿಗೆ 600 ಮಿ.ಮೀ.ವರೆಗೆ, ಅಲ್ಲೂ ಎಫ್/4ರಲ್ಲಿ ಹೋಗುತ್ತದೆ. ಜೂಮಿನ ಸಂಖ್ಯೆ ಚಿಕ್ಕದು, ಕೆಲಸ ದೊಡ್ಡದು.

ಹಕ್ಕಿಯನ್ನೇ ಹಚ್ಚಿಕೊಂಡವರಿಗೆ ಎಪಿಎಸ್-ಸಿ ಬಾಡಿ, 100-400 ಅಥವಾ 150-600 ಮಿ.ಮೀ. ಜೂಮ್ ಲೆನ್ಸ್, ಇದೇ ಹದವಾದ ಜೋಡಿ. ಆದರೆ ಕೊಳ್ಳುವ ಮೊದಲು ಅದನ್ನು ಕೈಯಲ್ಲಿ ಹಿಡಿದು ನೋಡಿ. ಸಿಗ್ಮಾದ 150-600 ಲೆನ್ಸಿನ ಹಗುರವಾದ ಆವೃತ್ತಿಯೇ ಎರಡು ಕಿಲೊ ಹತ್ತಿರ ತೂಗುತ್ತದೆ. ಅಂಗಡಿಯಲ್ಲಿ ಹತ್ತು ಸೆಕೆಂಡು ಎತ್ತಿ ಹಿಡಿಯುವುದು ಬೇರೆ, ಬೆಟ್ಟ ಹತ್ತಿ ಅರ್ಧ ಗಂಟೆ ಕಾಯುವುದು ಬೇರೆ. ಬಾಡಿಗೆಗೆ ಸಿಗುವ ಕಡೆ ಎರಡು ದಿನ ತಂದು ನೋಡುವುದು ಎಷ್ಟೋ ಲೇಸು.

ಮೆಗಾಪಿಕ್ಸೆಲ್ ಎಂಬ ಮಾತು ಬಂತಲ್ಲ, ಸ್ವಲ್ಪ ದಾರಿ ತಪ್ಪುತ್ತೇನೆ. 1975ರಲ್ಲಿ ಕೊಡಾಕ್ ಕಂಪನಿಯ ಸ್ಟೀವನ್ ಸ್ಯಾಸನ್ ಕಟ್ಟಿದ ಡಿಜಿಟಲ್ ಕ್ಯಾಮೆರಾ 100×100 ಬಿಂದುಗಳ ಕಪ್ಪುಬಿಳುಪು ಚಿತ್ರ ತೆಗೆಯುತ್ತಿತ್ತು. ಅಂದರೆ 0.01 ಮೆಗಾಪಿಕ್ಸೆಲ್. ಅದನ್ನು ಕ್ಯಾಸೆಟ್ ಟೇಪಿಗೆ ಬರೆಯಲು 23 ಸೆಕೆಂಡು ಹಿಡಿಯುತ್ತಿತ್ತು. ಅಲ್ಲಿಂದ ಮುಂದೆ ಬಹಳ ವರ್ಷ ಮೆಗಾಪಿಕ್ಸೆಲ್ ಏರಿದಂತೆಲ್ಲ ಚಿತ್ರ ನಿಜಕ್ಕೂ ಸುಧಾರಿಸುತ್ತಿತ್ತು, ಹಾಗಾಗಿ ಜನ ಆ ಸಂಖ್ಯೆಯನ್ನೇ ನಂಬಿದರು. ಈಗ ಲೆಕ್ಕ ಹಾಕಿ. 4ಕೆ ಟಿವಿಯ ಪರದೆಯಲ್ಲಿರುವುದು 8.3 ಮೆಗಾಪಿಕ್ಸೆಲ್. ಎ4 ಹಾಳೆಗೆ ಇಂಚಿಗೆ 300 ಬಿಂದುಗಳಂತೆ ಮುದ್ರಿಸಲು ಬೇಕಾದದ್ದು 8.7. ಈಗಿನ ಸಾಮಾನ್ಯ ಬಾಡಿಯಲ್ಲೂ ಸಿಗುವ 24 ಮೆಗಾಪಿಕ್ಸೆಲ್, ಅಂದರೆ 6000×4000, ಅದೇ ಗುಣಮಟ್ಟದಲ್ಲಿ 20 ಇಂಚು ಅಗಲದ ಮುದ್ರಣಕ್ಕೆ ಸಾಕು. 45, 60 ಎನ್ನುವ ಸಂಖ್ಯೆಗಳು ಬೇಕಾಗುವುದು ದೊಡ್ಡ ದೊಡ್ಡ ಮುದ್ರಣ ಮಾಡುವವರಿಗೆ, ಹಕ್ಕಿಯ ಚಿತ್ರವನ್ನು ಕತ್ತರಿಸಿ ಹಿಗ್ಗಿಸುವವರಿಗೆ. ಉಳಿದವರಿಗೆ ಅದು ಹಾರ್ಡ್ ಡಿಸ್ಕ್ ತುಂಬಿಸುವ, ಕಂಪ್ಯೂಟರನ್ನು ಏದುಸಿರು ಬಿಡಿಸುವ ಹೊರೆ.

ಪರಿಣತಿಯ ವಿಷಯ ಚಿಕ್ಕದಾಗಿ ಹೇಳಬಹುದು. ಈಗಷ್ಟೇ ಶುರುಮಾಡುವವರು ಒಂದೇ ಡಯಲ್ ಇರುವ ಬಾಡಿಯಲ್ಲಿ ನಡೆಸಬಹುದು. ಅಪರ್ಚರನ್ನೂ ಶಟರನ್ನೂ ತಾವೇ ನಿಭಾಯಿಸಲು ಹೊರಟ ಕೂಡಲೇ ಹೆಬ್ಬೆರಳಿಗೊಂದು ತೋರುಬೆರಳಿಗೊಂದು ಡಯಲ್ ಇಲ್ಲದಿದ್ದರೆ ಕಿರಿಕಿರಿಯಾಗುತ್ತದೆ. ಆದ್ದರಿಂದ ಕಲಿಯುವ ಹಟ ಇದ್ದವರು ಆರಂಭಿಕ ಮಾದರಿಗಿಂತ ಒಂದು ಮೆಟ್ಟಿಲು ಮೇಲಿನದನ್ನು, ಬಳಸಿದ್ದಾದರೂ ಸರಿ, ನೋಡಲಿ. ಎರಡು ಮೆಟ್ಟಿಲು ಬೇಡ. ವೃತ್ತಿಪರ ಬಾಡಿಗಳಲ್ಲಿ ಕೆಲವಕ್ಕೆ ಪೂರ್ತಿ ಆಟೊ ವಿಧಾನವೇ ಇರುವುದಿಲ್ಲ. ಎರಡು ಕಾರ್ಡ್ ಕಿಂಡಿಗಳಂಥ ಅನುಕೂಲಗಳು ಮದುವೆಯಂಥ ಮತ್ತೆ ನಡೆಯದ ಸಂದರ್ಭಗಳನ್ನು ಹಣ ಪಡೆದು ತೆಗೆಯುವವರಿಗೆ ಅತ್ಯಗತ್ಯ, ಹವ್ಯಾಸಿಗೆ ಅಲ್ಲ.

ಬಜೆಟ್ಟು ಎಷ್ಟೇ ಇರಲಿ, ನನ್ನ ಪಾಲುಪಟ್ಟಿ ಹೀಗೆ. ಬಾಡಿಯ ಮೇಲೆ ಅರ್ಧಕ್ಕಿಂತ ಹೆಚ್ಚು ಬೇಡ. ಉಳಿದದ್ದರಲ್ಲಿ ದೊಡ್ಡ ಪಾಲು ಲೆನ್ಸಿಗೆ. ಒಂದು ಹೆಚ್ಚುವರಿ ಬ್ಯಾಟರಿ, ವಿ30 ಗುರುತಿನ ಕಾರ್ಡ್ (ಸೆಕೆಂಡಿಗೆ ಕನಿಷ್ಠ 30 ಮೆಗಾಬೈಟ್ ಬರೆಯುತ್ತದೆ ಎಂಬ ಖಾತರಿ ಆ ಗುರುತು), ಇವಕ್ಕೆ ಮೊದಲೇ ತೆಗೆದಿಡಿ. ಬಾಡಿ ಕೆಲವೇ ವರ್ಷಗಳಲ್ಲಿ ಹಳತಾಗುತ್ತದೆ, ಲೆನ್ಸ್ ಅದಕ್ಕಿಂತ ಬಹಳ ಕಾಲ ಜೊತೆಗಿರುತ್ತದೆ. ಹಾಗಾಗಿ ಬಾಡಿ ಆರಿಸುವ ಮೊದಲು ಮುಂದೆ ಬೇಕಾಗುವ ಎರಡು ಲೆನ್ಸ್‌ಗಳು ಆ ಮೌಂಟಿನಲ್ಲಿ ನಿಮ್ಮ ಕೈಗೆಟುಕುವ ಬೆಲೆಗೆ ಇವೆಯೇ, ಬೇರೆ ಕಂಪನಿಗಳೂ ಅದಕ್ಕೆ ಲೆನ್ಸ್ ಮಾಡುತ್ತವೆಯೇ ನೋಡಿ.

ಬಳಸಿದ ಮಾಲು ಕೊಳ್ಳುವಾಗ ಒಂದು ಸಣ್ಣ ಟಾರ್ಚ್ ಜೇಬಿನಲ್ಲಿರಲಿ. ಲೆನ್ಸಿನ ಎರಡೂ ಮುಚ್ಚಳ ತೆಗೆದು, ಅಪರ್ಚರನ್ನು ಪೂರ್ತಿ ತೆರೆದು, ಒಂದು ತುದಿಯಿಂದ ಓರೆಯಾಗಿ ಟಾರ್ಚ್ ಬಿಟ್ಟು ಇನ್ನೊಂದು ತುದಿಯಿಂದ ನೋಡಿ. ಒಳಗೆ ಒಂದೆರಡು ಧೂಳಿನ ಕಣ ಕಂಡರೆ ಗಾಬರಿ ಬೇಡ, ಅವು ಚಿತ್ರದಲ್ಲಿ ಕಾಣುವುದಿಲ್ಲ. ಜೇಡರ ಬಲೆಯಂಥ ಸಣ್ಣ ಎಳೆಗಳು ಕವಲೊಡೆದು ಹರಡಿದ್ದರೆ ಅದು ಬೂಸಲು. ಗಾಜಿನ ಲೇಪವನ್ನೇ ತಿಂದುಹಾಕುತ್ತದೆ, ಎಷ್ಟು ಅಗ್ಗಕ್ಕೆ ಕೊಟ್ಟರೂ ಬೇಡ ಎನ್ನಿ. ಬಾಡಿಯನ್ನು ಪರೀಕ್ಷಿಸಲು ಎಫ್/16ಕ್ಕೆ ಇಟ್ಟು ಬಿಳಿ ಗೋಡೆಯನ್ನು ಫೋಕಸ್ ತಪ್ಪಿಸಿ ತೆಗೆಯಿರಿ. ಪರದೆಯಲ್ಲಿ ಹಿಗ್ಗಿಸಿ ಮೂಲೆಯಿಂದ ಮೂಲೆಗೆ ಸರಿಸುತ್ತಾ ಹೋಗಿ. ಮಬ್ಬು ಅಂಚಿನ ಕಪ್ಪು ಚುಕ್ಕೆಗಳು ಧೂಳು, ಒರೆಸಿದರೆ ಹೋಗುತ್ತವೆ. ಗೆರೆಯಂತಿದ್ದರೆ ಗೀರಿರಬಹುದು, ಅಲ್ಲಿಗೇ ಬಿಟ್ಟುಬಿಡಿ. ಶಟರ್ ಎಷ್ಟು ಬಾರಿ ಬಿದ್ದಿದೆ ಎಂದು ಕೇಳಿ. ಬಹುತೇಕ ಬಾಡಿಗಳ ಯಾಂತ್ರಿಕ ಶಟರಿಗೆ ಕಂಪನಿಗಳು ಹೇಳುವ ಬಾಳಿಕೆ ಒಂದರಿಂದ ಎರಡು ಲಕ್ಷ ಸಲ. ಅದು ಸರಾಸರಿ ಅಂದಾಜು, ಆ ಸಂಖ್ಯೆ ಮುಟ್ಟಿದ ದಿನವೇ ನಿಲ್ಲುತ್ತದೆ ಎಂದಲ್ಲ.

ಹಿಂದಿನ ಸಾಲಿನಿಂದ ವಿಡಿಯೊ ಬಗ್ಗೆ ಪ್ರಶ್ನೆ ಬಂದಿದೆ. ಒಳ್ಳೆಯದಾಯಿತು, ಅದನ್ನು ನಾನು ಮುಟ್ಟಿರಲಿಲ್ಲ. ವಿಡಿಯೊ ನಿಮ್ಮ ಮುಖ್ಯ ಕೆಲಸವಾಗಿದ್ದರೆ ಪೆಟ್ಟಿಗೆಯ ಮೇಲೆ 4ಕೆ ಎಂದು ಬರೆದಿರುವುದನ್ನು ನೋಡಿ ಸಮಾಧಾನ ಪಡಬೇಡಿ. 4ಕೆಯಲ್ಲಿ ಚೌಕಟ್ಟು ಕಿರಿದಾಗುತ್ತದೆಯೇ, ಎಷ್ಟು ನಿಮಿಷಕ್ಕೆ ಬಾಡಿ ಬಿಸಿಯಾಗಿ ನಿಂತುಬಿಡುತ್ತದೆ, ಪರದೆ ಮುಂದಕ್ಕೆ ತಿರುಗುತ್ತದೆಯೇ, ಮೈಕ್ ಸಿಕ್ಕಿಸುವ ತೂತು ಇದೆಯೇ, ಇವನ್ನು ಕೇಳಿ. ನೋಡುವವರು ಚಿತ್ರ ಸ್ವಲ್ಪ ಮಂಕಾಗಿದ್ದರೂ ಸಹಿಸುತ್ತಾರೆ, ಮಾತು ಕೇಳಿಸದಿದ್ದರೆ ಎದ್ದು ಹೋಗುತ್ತಾರೆ. ಮೈಕ್ ತೂತಿಲ್ಲದ ಬಾಡಿ ಎಷ್ಟೇ ಚೆನ್ನಾಗಿದ್ದರೂ ವಿಡಿಯೊದವರು ಅದನ್ನು ಪಟ್ಟಿಯಿಂದ ಹೊಡೆದುಹಾಕಬಹುದು. ಮೊದಲ ಖರ್ಚು ಮೈಕಿಗೇ ಮಾಡಿ, ಅದನ್ನು ಈಗಿರುವ ಮೊಬೈಲಿಗೆ ಸಿಕ್ಕಿಸಿ ಒಂದು ತಿಂಗಳು ಕೆಲಸ ಮಾಡಿ. ಬಾಡಿಯಿಂದ ಏನೇನು ಬೇಕು ಎನ್ನುವ ಪಟ್ಟಿ ಆಗ ಅರ್ಧಕ್ಕೆ ಇಳಿದಿರುತ್ತದೆ.